ಉಪ್ಪಿಟ್ಟು ತಿಂದು ಹೋದ ಬ್ಯಾಂಕಿನವರು

"ಬನ್ನಿ ಬನ್ನಿ, ಒಳಗೆ ಬನ್ನಿ... ಬಿಸಿಲಲ್ಲಿ ಯಾಕೆ ನಿಂತ್ಕಂಡ್ರಿ?"

ಬಾಗಿಲಲ್ಲಿ ನಿಂತಿದ್ದ ಯುವಕ ಬಾಯಿ ತೆರೆಯುವ ಮೊದಲೇ ಮುದ್ದಮ್ಮ ಅವನ ಕೈಗೆ ನೀರಿನ ಚೊಂಬು ಕೊಟ್ಟಾಗಿತ್ತು.

"ಇದು ಇಂದು ಅನ್ನೋರ ಮನೆ ತಾನೇ?"

"ಹೂಂ ಕಣಪ್ಪ, ಇದೇ. ಬೆಳಗ್ಗಿಂದ ನಿಮ್ಮನ್ನೇ ಕಾಯ್ತಾ ಕುಂತಿದೀವಿ."

ಯುವಕ ಕಕ್ಕಾಬಿಕ್ಕಿಯಾದ. ಸಾಲ ವಸೂಲಿಗೆ ಬಂದವನನ್ನು ಇಷ್ಟು ಅಕ್ಕರೆಯಿಂದ ಕಾಯುವ ಮನೆಯನ್ನು ಅವನು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಅವನ ಹೆಸರು ಸಮ್ಯಕ್. ಊರು ಅರಸೀಕೆರೆ, ಕೆಲಸ ಬೇಲೂರಿನ ಒಂದು ಬ್ಯಾಂಕಿನಲ್ಲಿ ಫೀಲ್ಡ್ ಆಫೀಸರ್. ಎರಡು ಸಾವಿರದ ಆರನೇ ಇಸವಿಯ ಮಾರ್ಚ್ ತಿಂಗಳು ಅದು. ಮಾರ್ಚಿನಲ್ಲಿ ವಸೂಲಿಯವರಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

ಪಾಪ, ಮುದ್ದಮ್ಮನದೂ ತಪ್ಪಲ್ಲ. ಮಗಳು ಇಂದುವನ್ನು ನೋಡಲು ಹಗರೆಯ ಆ ಮನೆಗೆ ಆವತ್ತು ಗೆಂಡೆಹಳ್ಳಿಯಿಂದ ಒಬ್ಬ ವರ ಬರಬೇಕಿತ್ತು. ಗಂಡನ ತಂಗಿ ಮಹದೇವಮ್ಮ ಹುಡುಕಿದ್ದ ಸಂಬಂಧ. "ಹಿರೀಕರು ಆಮ್ಯಾಲೆ ಬತ್ತಾರೆ, ಮೊದ್ಲು ಹುಡುಗ ಒಬ್ಬನೇ ಬಂದು ನೋಡ್ಕಂಡು ಹೋಗ್ಲಿ" ಎಂದು ಆಕೆ ಹೇಳಿ ಕಳಿಸಿದ್ದಳು. ಹುಡುಗನ ಮುಖವನ್ನು ಈ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬಾಚಿದ ಕ್ರಾಪು, ಕಾಲಲ್ಲಿ ಶೂ... ಹೊಸಿಲ ಮುಂದೆ ಹಾಗೆ ನಿಂತವನು ವರನಲ್ಲದೆ ಇನ್ಯಾರಾಗಿರಬೇಕು ಹೇಳಿ?

ಚಾಪೆಯ ಮೇಲೆ ಕೂರಿಸಿ ಒಂದು ತಟ್ಟೆ ಉಪ್ಪಿಟ್ಟು, ಪಕ್ಕದಲ್ಲೇ ಕೇಸರಿಬಾತು ಇಟ್ಟರು. ಎದುರಿಗೆ ಇಂದುವಿನ ಅಪ್ಪ ಹನುಮಯ್ಯ ಕೂತಿದ್ದ. ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಮನುಷ್ಯ, ಮಾತು ಕಡಿಮೆ. ಕಿಟಕಿಯಾಚೆ ಅಕ್ಕಪಕ್ಕದ ಮನೆಯವರ ಕಣ್ಣುಗಳು ಬೇರೆ.

"ನಮ್ಮ ಹುಡುಗಿ ಬೇಲೂರಿನ ನರ್ಸಿಂಗ್ ಹೋಮಲ್ಲಿ ನರ್ಸು. ಅಡುಗೇನೂ ಬತ್ತದೆ" ಎಂದಳು ಮುದ್ದಮ್ಮ. "ಇಂದೂ, ಕಾಫಿ ತತ್ತಾರವ್ವ."

ಸಮ್ಯಕ್‌ಗೆ ಆಗ ಹೊಳೆಯಿತು. ಬಾಯಲ್ಲಿದ್ದ ಉಪ್ಪಿಟ್ಟು ಬಿಸಿ ತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಒಳಗಿಂದ ಇಂದು ಬಂದಳು. ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ಕಾಫಿ ಲೋಟದ ತಟ್ಟೆ. ಈ ವರಾನ್ವೇಷಣೆ ಅವಳಿಗೆ ಎಳ್ಳಷ್ಟೂ ಬೇಕಿರಲಿಲ್ಲ. ತಲೆ ತಗ್ಗಿಸಿಕೊಂಡೇ ಲೋಟ ಚಾಚಿದಳು. ಆಗ ಅವಳ ಕಣ್ಣು ಅವನ ಕಾಲ ಬಳಿ ಇದ್ದ ಚೀಲದ ಮೇಲೆ ಬಿತ್ತು.

ಚೀಲದ ಮೇಲೆ ಬ್ಯಾಂಕಿನ ಹೆಸರು.

ಇಂದು ಮತ್ತೊಮ್ಮೆ ಓದಿದಳು. 'ಅಯ್ಯೋ... ಇವರು ವರ ಅಲ್ಲ!'

ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಲು ಅವಳು ತೆಗೆದ ಶಿಕ್ಷಣ ಸಾಲಕ್ಕೆ ಅಪ್ಪನೇ ಜಾಮೀನು. ಕೆಲಸ ಸಿಕ್ಕ ಮೇಲೆ ಕಂತು ಕಟ್ಟುತ್ತಲೇ ಇದ್ದಳು. ಕಳೆದ ವರ್ಷ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಸಂಬಳವೆಲ್ಲ ಅದಕ್ಕೇ ಹೋಗಿ ಕಂತು ನಿಂತುಹೋಯಿತು. ಅಪ್ಪ ಕೇಳಿದಾಗೆಲ್ಲ "ಕಟ್ತಾ ಇದೀನಿ ಕಣಪ್ಪ" ಎನ್ನುತ್ತಿದ್ದಳು. ಯಾರ ಹತ್ತಿರವೂ ಒಂದು ಲೋಟ ಹಾಲಿನ ಲೆಕ್ಕ ತಪ್ಪದ ಅಪ್ಪ... ಮಗಳಿಂದ ತನ್ನ ಜಾಮೀನು ಕೆಟ್ಟಿತು ಎಂದು ತಿಳಿದರೆ ಹೇಗೆ ತಡೆದುಕೊಂಡಾನು?

ಇಂದು ತಲೆ ಎತ್ತಿ ಸಮ್ಯಕ್‌ನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. 'ದಮ್ಮಯ್ಯ, ಇಲ್ಲಿ ಮಾತ್ರ ಬಾಯಿ ಬಿಡಬೇಡಿ...'

ಸಮ್ಯಕ್ ಆ ಕಣ್ಣು ನೋಡಿದ. ಅರ್ಧ ತೆಗೆದಿದ್ದ ಫೈಲನ್ನು ಮೆಲ್ಲಗೆ ಚೀಲದೊಳಗೆ ತಳ್ಳಿದ.

"ಉಪ್ಪಿಟ್ಟು ಚೆನ್ನಾಗಿದೆ ಅಮ್ಮ" ಎಂದ. ತಟ್ಟೆ ಖಾಲಿ ಮಾಡಿದ. ಕೈ ತೊಳೆದು ಹನುಮಯ್ಯನಿಗೆ ನಮಸ್ಕಾರ ಹೇಳಿ ಹೊರಟೇಬಿಟ್ಟ.

ಡ್ಯೂಟಿ ಬದಲಾಯಿಸಿಕೊಳ್ಳಲು ನರ್ಸಿಂಗ್ ಹೋಮಿಗೆ ಫೋನ್ ಮಾಡಬೇಕೆಂದು ನೆಪ ಹೇಳಿ ಇಂದು ಹಿಂದೆಯೇ ಓಡಿದಳು. ಮೇನ್ ರೋಡಿನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಾ ನಿಂತಿದ್ದ ಅವನ ಮುಂದೆ ಏದುಸಿರು ಬಿಡುತ್ತಾ ನಿಂತಳು.

"ಸಾರ್... ಬ್ಯಾಂಕಿನೋರು ಜೀಪಲ್ಲಿ ಬರ್ತಾರೆ, ನೀವು ಬರಲಿಲ್ಲ."

"ಮನೆ ಮುಂದೆ ಬ್ಯಾಂಕಿನ ಜೀಪು ನಿಂತರೆ ಊರೆಲ್ಲ ನೋಡುತ್ತೆ. ಅದಕ್ಕೇ ಬಸ್ಸಲ್ಲಿ ಬಂದೆ." ಮೆಲ್ಲಗೆ ನಕ್ಕ. "ಬಸ್ಸಲ್ಲಿ ಬಂದರೆ ಗಂಡು ಅಂದ್ಕೋತಾರೆ ಅಂತ ಗೊತ್ತಿರಲಿಲ್ಲ."

ಅಳು ಬರುವಂತಿದ್ದ ಇಂದುವಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಅಪ್ಪನಿಗೆ ಹೇಳಬೇಡಿ ಸಾರ್. ನಾನು ಮೋಸಗಾತಿ ಅಲ್ಲ."

"ಗೊತ್ತು. ನಾನಾಗಿ ಹೇಳಲ್ಲ. ಆದರೆ ಒಂದು ಮಾತು, ಕಟ್ಟೋಕೆ ಆಗದಿದ್ದಾಗ ಬ್ಯಾಂಕಿಂದ ತಪ್ಪಿಸ್ಕೊಂಡು ಓಡಬೇಡಿ, ಬ್ಯಾಂಕಿಗೇ ಓಡಿ ಬನ್ನಿ. ನಾಳೆ ಬರ್ತೀರಾ?"

ಬಸ್ಸು ಬಂತು. ಇಂದು ತಲೆಯಾಡಿಸಿದಳು.

ಸಂಜೆ ಮಹದೇವಮ್ಮನಿಂದ ಪಕ್ಕದ ಮನೆಗೆ ಫೋನು ಬಂತು. ಗೆಂಡೆಹಳ್ಳಿ ಹುಡುಗನಿಗೆ ಜ್ವರ, ಆವತ್ತು ಮನೆಬಿಟ್ಟು ಹೊರಟೇ ಇರಲಿಲ್ಲ.

"ಹಂಗಾದ್ರೆ ನಮ್ಮ ಕೇಸರಿಬಾತ್ ತಿಂದೋನು ಯಾವನೇ?" ಎಂದು ಮುದ್ದಮ್ಮ ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

"ನರ್ಸಿಂಗ್ ಹೋಮಿನ ಬಿಲ್ಲಿನ ವಿಷಯಕ್ಕೆ ಬಂದಿದ್ದೋರು ಅಮ್ಮಾ..." ಎಂದಳು ಇಂದು.

"ಬಿಲ್ಲಿನೋನಾ? ಯಾರಾದ್ರೂ ಆಗ್ಲಿ ಬುಡು, ಹುಡುಗ ಲಕ್ಷಣವಾಗವ್ನೆ."

ಹನುಮಯ್ಯ ಹಸುವಿಗೆ ಹುಲ್ಲು ಹಾಕಲು ಎದ್ದು ಹೋದ. ಅಪ್ಪನಿಗೆ ಕನ್ನಡಕ ಇಲ್ಲದೆ ಅಕ್ಷರ ಕಾಣಿಸದು. ಸದ್ಯ, ಆ ಚೀಲ ಅವನ ಕಣ್ಣಿಗೆ ಬಿದ್ದಿಲ್ಲ ಎಂದು ಇಂದು ನಿಟ್ಟುಸಿರಿಟ್ಟಳು.

ಮರುದಿನ ಬ್ರಾಂಚಿನಲ್ಲಿ ಸಮ್ಯಕ್ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ.

"ದಾರಿ ಇದೆ ಇಂದು ಅವರೇ. ಕಂತಿನ ಅವಧಿ ಉದ್ದ ಮಾಡಿಸಿದರೆ ತಿಂಗಳ ಕಂತು ಚಿಕ್ಕದಾಗುತ್ತೆ. ತಪ್ಪಿದ ಕಂತಿಗೆ ಬಿದ್ದಿರೋ ಸುಸ್ತಿ ಬಡ್ಡೀನ ಲೋಕ ಅದಾಲತ್‌ನಲ್ಲಿ ಬಿಡಿಸಬಹುದು. ಕೋರ್ಟು ಅಂತ ಹೆದರಬೇಡಿ. ಅಲ್ಲಿ ಶಿಕ್ಷೆ ಇಲ್ಲ, ರಾಜಿ ಅಷ್ಟೇ."

"ನಿಜವಾಗ್ಲೂ? ಇಷ್ಟು ಸುಲಭಾನಾ?"

"ಸುಲಭ. ಆದರೆ ಜಾಮೀನುದಾರರ ಸಹಿ ಬೇಕು."

ಇಂದುವಿನ ಮುಖ ಬಾಡಿತು. "ಅಂದ್ರೆ ಅಪ್ಪನಿಗೆ ಹೇಳಬೇಕು... ಬೇಡ ಸಾರ್. ನಾನು ಹೇಗೋ ಕಟ್ತೀನಿ."

"ನಿಮ್ಮ ಅಪ್ಪ ನೀವು ಅಂದ್ಕೊಂಡಷ್ಟು ಮೆತ್ತಗಿಲ್ಲ ಅನ್ಸುತ್ತೆ ನನಗೆ."

"ನಿಮಗೇನು ಗೊತ್ತು ನಮ್ಮ ಅಪ್ಪನ ವಿಷಯ?"

ಅವನು ಫೈಲು ಮುಚ್ಚಿದ.

ಅಂದಿನಿಂದ ಅವಳು ಕೈಗೆ ಸಿಕ್ಕಷ್ಟು ತಂದು ಕಟ್ಟತೊಡಗಿದಳು. ಬೇರೆಯವರ ಪಾಳಿಯನ್ನೂ ತಾನೇ ಮಾಡಿದಳು. ಕೌಂಟರಿನಲ್ಲಿ ಅವಳು ಹಣ ಕಟ್ಟುವ ಚೀಟಿ ಬರೆಯುವಾಗ ಸಮ್ಯಕ್ ತನ್ನ ಮೇಜಿನಿಂದ ಒಮ್ಮೆ ನೋಡುತ್ತಿದ್ದ. "ಊಟ ಆಯ್ತಾ?" ಎಂದಷ್ಟೇ ಕೇಳುತ್ತಿದ್ದ. ಆಗಿಲ್ಲ ಎಂದರೆ ಎದುರಿನ ಹೋಟೆಲಿನಲ್ಲಿ ಇಡ್ಲಿ ಕೊಡಿಸುತ್ತಿದ್ದ. ಒಂದು ಸಂಜೆ ಯಗಚಿ ಸೇತುವೆಯವರೆಗೂ ಇಬ್ಬರೂ ಮಾತಾಡುತ್ತಾ ನಡೆದುಬಿಟ್ಟಿದ್ದರು. ಅರಸೀಕೆರೆ ಜಂಕ್ಷನ್ನಿನಲ್ಲಿ ತನ್ನ ಅಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದದ್ದು, ರೈಲಿನ ಸದ್ದು ಇಲ್ಲದಿದ್ದರೆ ತನಗೆ ಈಗಲೂ ನಿದ್ದೆ ಬಾರದಿರುವುದು... ಹೀಗೆ ಏನೇನೋ ಹೇಳಿದ್ದ. ಅವಳು ಬಸ್ಸಿನಲ್ಲಿ ಕೂತು ಹಗರೆ ಬರುವವರೆಗೂ ಅದನ್ನೇ ನೆನೆದು ನಕ್ಕಿದ್ದಳು.

'ಇದೇನು ಇಂದು? ಸಾಲ ಕೊಟ್ಟವರನ್ನ ನೋಡಿದರೆ ಜನ ಅಡಗ್ತಾರೆ. ನಿನಗೆ ನೋಡದಿದ್ದರೆ ಸಂಕಟವಾ?'

ಅವಳ ಮನಸ್ಸಿಗೆ ಉತ್ತರ ಗೊತ್ತಿತ್ತು. ಆದರೆ ಸಮ್ಯಕ್‌ನ ಮುಂದೆ ತಾನು ಬರೀ ಒಬ್ಬಳು ಸಾಲಗಾರ್ತಿ. ಆ ನಾಚಿಕೆ ಬಾಯಿ ಕಟ್ಟಿ ಹಾಕಿತ್ತು.

ಅತ್ತ ಮಹದೇವಮ್ಮ ಸುಮ್ಮನೆ ಕೂರುವವಳೇ? ಗೆಂಡೆಹಳ್ಳಿಯವರು ಹುಡುಗಿಯನ್ನು ಫೋಟೋದಲ್ಲೇ ಒಪ್ಪಿದ್ದರು. "ಓದಿನ ಸಾಲ ಇದ್ರೆ ಅವ್ರೇ ಒಂದೇ ಸಲಕ್ಕೆ ತೀರಿಸ್ತಾರಂತೆ ಕಣೇ. ಆದ್ರೆ ಮದುವೆ ಆದ್ಮೇಲೆ ಕೆಲಸಕ್ಕೆ ಹೋಗಂಗಿಲ್ಲ. ಯೋಚ್ನೆ ಮಾಡು" ಎಂದು ಹೇಳಿ ಹೋಗಿದ್ದಳು.

ಇಂದುವಿಗೆ ಸಿಟ್ಟು ಬಂದಿತ್ತು. ಯಾವ ಕೆಲಸಕ್ಕಾಗಿ ಸಾಲ ಮಾಡಿದ್ದಳೋ, ಸಾಲ ತೀರಿಸಲು ಆ ಕೆಲಸವನ್ನೇ ಬಿಡಬೇಕಂತೆ.

ಜೂನ್ ತಿಂಗಳ ಒಂದು ಬೆಳಗ್ಗೆ ಅವಳು ರಾತ್ರಿ ಪಾಳಿ ಮುಗಿಸಿ ಹಗರೆಯಲ್ಲಿ ಬಸ್ಸಿಳಿದಳು. ಹಾಲಿನ ಡೈರಿಯ ಮುಂದೆ ಜನ ಗುಂಪಾಗಿದ್ದರು. ನಡುವೆ ಅಪ್ಪ. ಎದುರಿಗೆ ಕೋರ್ಟಿನ ಅಮೀನ, ಅಪ್ಪನ ಕೈಯಲ್ಲಿ ಕೋರ್ಟಿನ ನೋಟೀಸು.

"ಏನ್ಲಾ ಹನುಮಯ್ಯ, ನಿನ್ನಂಥೋನೂ ಕೋರ್ಟು ಮೆಟ್ಲು ಹತ್ತಂಗಾಯ್ತಾ?" ಎಂದು ಯಾರೋ ಕೇಳಿದರು. ಯಾರೋ ನಕ್ಕರು.

ಇಂದು ಗುಂಪಿನ ಹಿಂದೆ ಬಂದು ನಿಂತಳು. ಅಪ್ಪ ಅವಳನ್ನು ನೋಡಿದ.

"ಮನೆಗೆ ನಡಿಯವ್ವ. ಹಾಲು ಅಳೆದು ಬತ್ತೀನಿ."

ಅವಳು ಮನೆಗೆ ಹೋಗಲಿಲ್ಲ. ಎದುರಿನಿಂದ ಬಂದ ಬಸ್ಸು ಹತ್ತಿ ವಾಪಸು ಬೇಲೂರಿಗೆ ಹೋದಳು. ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಸಮ್ಯಕ್ ಎದುರಾದ.

"ನಾನಾಗಿ ಹೇಳಲ್ಲ ಅಂದಿದ್ರಿ. ನಂಬಿದ್ದೆ ನಾನು ನಿಮ್ಮನ್ನ."

"ಇಂದು, ಏನಾಯ್ತು?"

"ಊರ ಮುಂದೆ ನಮ್ಮ ಅಪ್ಪನ ಮಾನ ಹೋಯ್ತು. ಕೋರ್ಟಿನೋರು ಡೈರಿಗೇ ಬಂದಿದ್ರು. ಅದಾಲತ್ತಿಗೆ ನಮ್ಮ ಹೆಸರು ಬರೆದು ಕಳಿಸಿದ್ದು ನೀವೇ ತಾನೇ?"

ಸಮ್ಯಕ್‌ನ ಮುಖ ಬಿಳಿಚಿಕೊಂಡಿತು. "ಹೌದು, ನಾನೇ. ಆದರೆ ಅವರು ಡೈರಿಗೆ ಹೋಗ್ತಾರೆ ಅಂತ... ನೋಡಿ, ದಯವಿಟ್ಟು ನಿಮ್ಮ ಅಪ್ಪನ್ನ ಒಂದು ಮಾತು ಕೇಳಿ."

"ಅಪ್ಪನ ಹೆಸರು ಎತ್ತಬೇಡಿ. ಯಾವ ಮುಖ ಇಟ್ಕೊಂಡು ಕೇಳಲಿ?" ಅವಳ ದನಿ ಒಡೆಯಿತು. "ನಮ್ಮ ಮನೇಲಿ ಉಪ್ಪಿಟ್ಟು ತಿಂದು ಹೋದ್ರಲ್ಲ... ಅದನ್ನಾದ್ರೂ ನೆನೆಸ್ಕೋಬೇಕಿತ್ತು ನೀವು."

ಅವನು ಏನೋ ಹೇಳಲು ಹೋದ. ಅವಳು ನಿಲ್ಲಲಿಲ್ಲ.

ಮನೆಗೆ ಬಂದು ಅಪ್ಪನ ಕಾಲ ಬಳಿ ಕೂತು ಅತ್ತಳು. "ತಪ್ಪಾಯ್ತಪ್ಪ. ಕಂತು ಕಟ್ಟಿರಲಿಲ್ಲ. ಸುಳ್ಳು ಹೇಳಿದೆ."

ಹನುಮಯ್ಯ ಮಗಳ ತಲೆ ಸವರಿದ. "ನೀನಾಗೇ ಹೇಳಿದ್ಯಲ್ಲ, ಅಷ್ಟು ಸಾಕು ಬುಡವ್ವ. ಅದಾಲತ್ತಿಗೆ ಹೋಗಿ ಬರಾನ."

ಸಮ್ಯಕ್‌ನ ಹೆಸರನ್ನು ಅವಳು ಎತ್ತಲಿಲ್ಲ. ಹಾಗಾಗಿ ಅಪ್ಪನೂ ಏನೂ ಹೇಳಲಿಲ್ಲ. ಮಹದೇವಮ್ಮ ಮತ್ತೆ ಬಂದಾಗ ಇಂದು ಗೋಡೆ ಕಡೆ ಮುಖ ಮಾಡಿ, "ಗೆಂಡೆಹಳ್ಳಿಯವರಿಗೆ ಹೂಂ ಅಂದ್ಬಿಡಿ ಅತ್ತೆ. ಅಪ್ಪನ ಜಾಮೀನಾದರೂ ಬಿಡುಗಡೆ ಆಗ್ಲಿ" ಎಂದಳು.

"ಯಾರೂ ಏನೂ ಅನ್ನಬ್ಯಾಡಿ. ಅದಾಲತ್ತು ಆಗ್ಲಿ ಮೊದ್ಲು" ಎಂದ ಹನುಮಯ್ಯ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಮಹದೇವಮ್ಮ ಅದೇ ಮೊದಲು ಕೇಳಿದ್ದು.

ಬೇಲೂರಿನ ಕೋರ್ಟಿನ ಹಾಲ್ ತುಂಬ ಜನ. ಉದ್ದ ಮೇಜಿನ ಒಂದು ಕಡೆ ಇಂದು ಮತ್ತು ಹನುಮಯ್ಯ, ಇನ್ನೊಂದು ಕಡೆ ಬ್ಯಾಂಕಿನ ಪರವಾಗಿ ಸಮ್ಯಕ್. ಸೊರಗಿದ್ದ. ಇಂದು ಅವನ ಕಡೆ ನೋಡಬಾರದೆಂದು ಹಟ ಹಿಡಿದು ಎರಡು ಸಲ ನೋಡಿದಳು.

ನ್ಯಾಯಾಧೀಶೆ ಫೈಲ್ ತಿರುವಿದರು. "ಬ್ಯಾಂಕಿನವರು ಏನು ಹೇಳ್ತೀರಿ?"

ಸಮ್ಯಕ್ ಎದ್ದು ನಿಂತ. "ಇವರು ಬೇಕಂತ ಸಾಲ ನಿಲ್ಲಿಸಿದವರಲ್ಲ ಮೇಡಂ. ತಾಯಿಯ ಆಪರೇಷನ್ನಿಗೆ ಕಷ್ಟ ಆಯ್ತು. ಆಮೇಲೆ ಕೈಲಾದಷ್ಟು ತಂದು ಕಟ್ತಾನೇ ಇದ್ದಾರೆ. ಸುಸ್ತಿ ಬಡ್ಡಿ ಪೂರ್ತಿ ಬಿಡೋಕೆ, ಕಂತು ಅರ್ಧ ಮಾಡೋಕೆ ಬ್ಯಾಂಕು ಒಪ್ಪಿದೆ."

ಮ್ಯಾನೇಜರನ್ನು ಒಪ್ಪಿಸಲು ಅವನು ಎಷ್ಟು ಸಲ ಅವರ ಕೋಣೆಯ ಬಾಗಿಲು ತಟ್ಟಿದ್ದನೋ, ಅದನ್ನು ಅವನು ಹೇಳಲಿಲ್ಲ.

"ಇಷ್ಟಾದರೆ ಕಟ್ಟೋಕಾಗುತ್ತೇನಮ್ಮ?" ಎಂದು ನ್ಯಾಯಾಧೀಶೆ ಇಂದುವನ್ನು ಕೇಳಿದರು.

ಇಂದು ಎದ್ದು ನಿಂತಳು. "ಆಗುತ್ತೆ ಮೇಡಂ. ನನ್ನ ದುಡಿಮೇಲೇ ಕಟ್ತೀನಿ. ಯಾರ ಹಂಗೂ ಬೇಕಾಗಿಲ್ಲ."

ಸಹಿ ಆಯಿತು. ಹನುಮಯ್ಯ ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ತನ್ನ ಹೆಸರು ಬರೆದ. ಹೊರಗೆ ಬೇವಿನ ಮರದ ಕೆಳಗೆ ಬಂದಾಗ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿ ಒಂದು ಉಸಿರು ಬಿಟ್ಟ.

"ಆ ಹುಡುಗನ್ನ ಮಾತಾಡ್ಸಿ ಬರಾನ ಬಾರವ್ವ. ಅವನಿಂದ ಆಯ್ತು ಇದೆಲ್ಲ."

"ಅವರ ಮಾತೇ ಬೇಡಪ್ಪ. ಡೈರಿ ಮುಂದೆ ನಿನ್ನ ಮಾನ ಕಳೆದೋರು."

ಹನುಮಯ್ಯ ನಿಂತುಬಿಟ್ಟ. "ಅವನ್ಯಾಕೆ ಕಳೀತಾನೆ? ಅದಾಲತ್ತಿಗೆ ಹಾಕಪ್ಪ ಅಂತ ಹೇಳಿದ್ದು ನಾನೇ ಕಣವ್ವ."

"...ನೀನಾ?"

"ಉಪ್ಪಿಟ್ಟು ತಿಂದು ಹೋದ್ನಲ್ಲ, ಅದರ ಮಾರನೇ ದಿನವೇ ಹೊತ್ತಾರೆ ಬ್ಯಾಂಕಿಗೆ ಹೋಗಿದ್ದೆ. ನೀನು ಹೋಗೋ ಮುಂಚೆನೇ."

"ಆದರೆ ಅಪ್ಪಾ... ನಿನಗೆ ಕನ್ನಡಕ ಇಲ್ಲದೆ ಆ ಬ್ಯಾಗಿನ ಮೇಲಿನ ಹೆಸರು..."

"ಬ್ಯಾಗು ಓದಕ್ಕೆ ಕನ್ನಡಕ ಬೇಕು. ಮಗಳ ಮುಖ ಓದಕ್ಕೂ ಬೇಕಾ? ಕಂತಿನ ಮಾತು ಎತ್ತಿದಾಗೆಲ್ಲ ಮುಖ ತಿರುಗಿಸ್ತಿದ್ದೆ. ಆವತ್ತು ಕಾಫಿ ಲೋಟ ಹಿಡ್ಕಂಡು ನಡುಗ್ತಿದ್ದೆ ನೀನು. ಗಂಡು ನೋಡಿ ನಡುಗೋ ಹುಡುಗಿ ಅಲ್ಲ ನನ್ನ ಮಗಳು."

ಇಂದು ಅಪ್ಪನ ತೋಳು ಹಿಡಿದುಕೊಂಡಳು.

"ಅಪ್ಪಂಗೆ ಗೊತ್ತಾಯ್ತು ಅಂದ್ರೆ ಕುಸಿದು ಹೋಯ್ತಾಳೆ, ಅವಳಾಗೇ ಬಂದು ಹೇಳೋ ತನಕ ನೀನು ಬಾಯಿ ಬುಡಬ್ಯಾಡ ಅಂತ ಅವನ ಕೈಲಿ ಮಾತು ಇಸ್ಕಂಡಿದ್ದೆ. ಆ ನೋಟೀಸು ಮನೆಗೆ ಬದ್ಲು ಡೈರಿಗೆ ಬಂತು. ನಗೋರು ನಕ್ಕರು. ಮಗಳ ಓದಿಗೆ ಜಾಮೀನು ನಿಂತು ಕೋರ್ಟಿಗೆ ಹೋದ್ರೆ ನಂಗ್ಯಾವ ಮಾನ ಹೋಯ್ತದೆ?"

ಎರಡು ಕಡೆಯವರಿಗೂ ಮಾತು ಕೊಟ್ಟು, ಎರಡನ್ನೂ ಉಳಿಸಿಕೊಂಡು, ಬೈಸಿಕೊಂಡವನು ಮಾತ್ರ ಸಮ್ಯಕ್ ಒಬ್ಬನೇ. ಇಂದು ಕೋರ್ಟಿನ ಬಾಗಿಲ ಕಡೆ ತಿರುಗಿದಳು. ಸಮ್ಯಕ್ ಅಲ್ಲಿರಲಿಲ್ಲ.

"ಬಸ್ ಸ್ಟ್ಯಾಂಡಿಗೆ ಹೋದ. ಓಡು" ಎಂದ ಹನುಮಯ್ಯ.

ಅರಸೀಕೆರೆ ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟಿದ್ದ ಸಮ್ಯಕ್ ಅವಳನ್ನು ಕಂಡು ಕೆಳಗಿಳಿದ. ಅವಳು ಏದುಸಿರು ಬಿಡುತ್ತಾ ನಿಂತಳು, ಆವತ್ತಿನ ಹಾಗೆಯೇ.

"ಯಾಕೆ ಹೇಳಲಿಲ್ಲ ನೀವು? ನಾನು ಅಷ್ಟೆಲ್ಲ ಅಂದೆ..."

"ಅಪ್ಪನ್ನ ಕೇಳಿ ಅಂದೆನಲ್ಲ."

"ಇನ್ನೊಂದು ಸಲ ಹೇಳಬಾರದಿತ್ತಾ? ತಪ್ಪಾಯ್ತು ರೀ... ತುಂಬಾ ತಪ್ಪಾಯ್ತು."

ಸಾರ್ ಹೋಗಿ ರೀ ಬಂದದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ನನಗೆ ಅರಸೀಕೆರೆ ಬ್ರಾಂಚಿಗೆ ವರ್ಗ ಆಗಿದೆ. ಇನ್ನು ನಿಮ್ಮ ಫೈಲು ನನ್ನ ಹತ್ರ ಇರಲ್ಲ."

ಇಂದುವಿನ ಕಣ್ಣು ತುಂಬಿ ಬಂತು. ಎಲ್ಲ ತಿಳಿಯಾದ ದಿನವೇ ಹೊರಟು ನಿಂತರಲ್ಲ... "ಬೇಜಾರಾಗಿ ವರ್ಗ ಕೇಳಿದ್ರಾ?"

"ಕೇಳಿದ್ದು ನಾನೇ. ಏಪ್ರಿಲ್‌ನಲ್ಲೇ." ಅವನು ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ವಸೂಲಿಗೆ ಬಂದವನು ಹೆಣ್ಣು ಕೇಳಿದರೆ ಅದು ನ್ಯಾಯ ಅಲ್ಲ ಇಂದು. ಸಾಲದ ಭಯಕ್ಕೆ ನೀವು ಹೂಂ ಅಂದ್ರೋ, ಮನಸ್ಸಿಂದ ಅಂದ್ರೋ ಅಂತ ಜೀವನ ಪೂರ್ತಿ ನನಗೆ ಅನುಮಾನ ಇರ್ತಿತ್ತು. ಈಗ ನಾನು ನಿಮಗೆ ಏನೂ ಅಲ್ಲ. ಬೇಡ ಅನ್ನೋಕೆ ನಿಮಗೆ ಯಾವ ಅಡ್ಡಿಯೂ ಇಲ್ಲ. ಅದಕ್ಕೇ ಈಗ ಕೇಳ್ತೀನಿ. ನೀವಂದ್ರೆ ನನಗೆ ಇಷ್ಟ."

ಕಂಡಕ್ಟರ್ ಸೀಟಿ ಊದಿದ. ಜಾವಗಲ್ಲಿಗೆ ಹೋಗುವ ಅಜ್ಜಿಯೊಬ್ಬಳು ಕಿಟಕಿಯಿಂದ ಕತ್ತು ಹೊರಹಾಕಿ ಕೇಳುತ್ತಾ ಕೂತಿದ್ದಳು.

"ಭಾನುವಾರ ಮನೆಗೆ ಬನ್ನಿ" ಎಂದಳು ಇಂದು, ಕಣ್ಣೊರೆಸಿಕೊಳ್ಳುತ್ತಾ. "ಉಪ್ಪಿಟ್ಟು ಮಾಡ್ತೀನಿ. ಆವತ್ತಿನದು ಅಮ್ಮ ಮಾಡಿದ್ದು."

ಭಾನುವಾರ ಅವನು ಬಂದ. ಈ ಸಲ ರೈಲ್ವೆಯಿಂದ ರಿಟೈರಾದ ಅಪ್ಪ, ಅಮ್ಮ ಜೊತೆಗಿದ್ದರು. ಮುದ್ದಮ್ಮ ಬಾಗಿಲಲ್ಲೇ ತಡೆದು, "ಈ ಸಲ ಯಾವುದಕ್ಕೆ ಬಂದಿದ್ದೀರಿ ಅಂತ ಮೊದ್ಲೇ ಹೇಳ್ಬುಡಿ ಕಣಪ್ಪ" ಎಂದು ಎಲ್ಲರನ್ನೂ ನಗಿಸಿದಳು. ಗೆಂಡೆಹಳ್ಳಿ ಸಂಬಂಧ ಬೇಡವೆಂದಿದ್ದಕ್ಕೆ ಮಹದೇವಮ್ಮ ಮೂತಿ ತಿರುವಿಕೊಂಡೇ ಕೇಸರಿಬಾತು ಎರಡನೇ ಸಲ ಹಾಕಿಸಿಕೊಂಡಳು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈ ಮುಗಿದು ಹಿರಿಯರು ಮಾತು ಮುಗಿಸಿದರು.

ಹಿತ್ತಲಲ್ಲಿ ಹಸುವಿನ ಪಕ್ಕ ಇಬ್ಬರೇ ನಿಂತಾಗ ಇಂದು ಮೆಲ್ಲಗೆ ಕೇಳಿದಳು.

"ನನ್ನ ಸಾಲ ಇನ್ನೂ ವರ್ಷಗಟ್ಟಲೆ ಇದೆ. ಕೆಲಸ ಬಿಡಲ್ಲ ನಾನು. ಕಂತು ನಾನೇ ಕಟ್ತೀನಿ. ನೀವು ಒಂದು ರೂಪಾಯಿನೂ ಹಾಕಬಾರದು. ಪರವಾಗಿಲ್ವಾ?"

"ಹಾಕಲ್ಲ. ಅದು ನಿಮ್ಮ ಓದು, ನಿಮ್ಮ ಸಾಲ." ಅವನು ಅವಳ ಕೈ ಹಿಡಿದ. "ಆದರೆ ಕಂತು ಕಟ್ಟೋ ದಿನ ಕ್ಯೂನಲ್ಲಿ ನಿಮ್ಮ ಪಕ್ಕ ನಿಂತ್ಕೋಬಹುದಾ?"

ಇಂದು ಅವನ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ಕ್ಯೂ ತುಂಬಾ ಉದ್ದ ಇರುತ್ತೆ ರೀ..."

"ಇರಲಿ. ನನಗೇನೂ ಅವಸರ ಇಲ್ಲ."